ತೋಡಿಗೆ ಇಳಿದ ವಿಮಾನ

ಇಂಗುಗುಂಡಿ ಅಗೆಸಿ, ಕಲ್ಲು ಕಟ್ಟಿಸಿ, ಮುಚ್ಚಳ ಹಾಕಿಸುವುದಕ್ಕೆ ನಲವತ್ತು ಸಾವಿರ. ಪಾತ್ರೆ ತೊಳೆದ ನೀರನ್ನು ಸೀದಾ ಹಿಂದೆ ಹರಿಯುವ ತೋಡಿಗೆ ಬಿಡುವ ಪೈಪಿಗೆ ಒಂಬೈನೂರು. ಮಂಜಯ್ಯ ಶೆಟ್ಟಿ ಮುಂಬೈಯ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಲೆ ನರೆಸಿಕೊಂಡು ಬಂದವನು. ಅವನಿಗೆ ಲೆಕ್ಕ ಗೊತ್ತಿತ್ತು. ಪೈಪು ಹಾಕಿಸಿದ. ಉಳಿದ ದುಡ್ಡಿನಲ್ಲಿ ದೊಡ್ಡದೊಂದು ತಗಡಿನ ಬೋರ್ಡು ಮಾಡಿಸಿದ.

ಬೋರ್ಡಿನ ಮೇಲೆ 'ಹೋಟೆಲ್ ಏರ್‌ಪೋರ್ಟ್ ವ್ಯೂ' ಎಂದು ಬರೆದಿತ್ತು. ಪಕ್ಕದಲ್ಲಿ ಮೇಲಕ್ಕೆ ಹಾರುವ ಬಿಳಿ ವಿಮಾನದ ಚಿತ್ರ. ನಿಜ ಹೇಳಬೇಕೆಂದರೆ ಆ ಹೋಟೆಲಿನಿಂದ ಕಾಣುತ್ತಿದ್ದದ್ದು ಎದುರಿನ ಬೋಳುಗುಡ್ಡ ಮತ್ತು ಅಲ್ಲಿ ಮೇಯುವ ಎರಡು ಎಮ್ಮೆ. ಬೈಂದೂರು ಕಡೆಯ ಗೋಳಿಬೈಲಿನ ಆ ಗುಡ್ಡಕ್ಕೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಸುದ್ದಿಯಷ್ಟೇ ಬಂದಿತ್ತು. ವಿಮಾನಕ್ಕಿಂತ ಮೊದಲು ತಾನು ಬಂದು ಕೂತಿರಬೇಕೆಂದು ಮಂಜಯ್ಯ ಊರಿನಲ್ಲಿದ್ದ ತನ್ನ ದುಡ್ಡನ್ನೂ ಮುಂಬೈಯ ದುಡ್ಡನ್ನೂ ಸೇರಿಸಿ ಆ ಹೋಟೆಲು ಕಟ್ಟಿದ್ದ. ಅದು ಹೋದರೆ ಅವನಿಗೆ ಬೇರೆ ಏನೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಪಂಚಾಯ್ತಿ ಮೆಂಬರ್ ವೆಂಕಟ ಬಂದು ಯಾವತ್ತಿನಂತೆ ದುಡ್ಡು ಕೊಡದೆ ತಿನ್ನುವ ಮೇಜಿಗೆ ಕೂತ.

"ಮಂಜಣ್ಣ, ಇವತ್ತ್ ಮಧ್ಯಾಹ್ನ ನೀರಿನ ಆಫೀಸರ್ ಬತ್ರಂಬ್ರ್. ಏರ್‌ಪೋರ್ಟ್ ಜಾಗದ್ ಸುತ್ತ ಇಪ್ಪು ತೋಡೆಲ್ಲ ಪರೀಕ್ಷೆ. ನೀರ್ ಹರಿತ್ತಾ, ಚೊಕ್ಕ ಇತ್ತಾ ಅಂತ ಕಾಂಬುಕೆ."

"ಕಂಡ್ ಎಂತ ಮಾಡ್ತ್ರ್?"

"ನಂಗೆಂತ ಗೊತ್ತ್? ಹೊಲಸ್ ಸಿಕ್ರೆ ಸುಮ್ನೆ ಬಿಡ್ತ್ರಾ? ಹೋಟ್ಲಿಗ್ ಬೀಗ ಹಾಕ್ತ್ರ್. ಇನ್ನೆರಡ್ ಗೋಳಿಬಜೆ ಹಾಕಿ."

ಮಂಜಯ್ಯ ಹಿತ್ತಿಲಿಗೆ ಹೋಗಿ ನೋಡಿದ. ಪೈಪಿನ ಬಾಯಿಯ ಎದುರು ತೋಡಿನ ನೀರು ಅಲ್ಲಾಡದೆ ನಿಂತಿತ್ತು. ಈರುಳ್ಳಿ ಸಿಪ್ಪೆ, ಸೋಪಿನ ನೊರೆ. ಸಾಂಬಾರಿನ ಎಣ್ಣೆ ಬಿಸಿಲಿಗೆ ನವಿಲುಗರಿಯಂತೆ ಮಿಂಚುತ್ತಿತ್ತು. ಇಷ್ಟು ದಿನ ಅವನ ಕಣ್ಣಿಗೇ ಬೀಳದಿದ್ದ ಆ ಕೊಳೆ ಈಗ ನೂರು ಜನ ಸಾಕ್ಷಿಗಳಂತೆ ಅವನನ್ನೇ ನೋಡುತ್ತಿತ್ತು.

"ಗುಂಡಿ ಮಾಡ್ಸಿ ಅಂದೆ ನಾನ್," ಹೆಂಡತಿ ಗುಲಾಬಿ ಅಡುಗೆಮನೆಯ ಕಿಟಕಿಯಿಂದ ಹೇಳಿದಳು. "ನೀವ್ ವಿಮಾನ ಮಾಡ್ಸಿರಿ. ಈಗ ಅದ್ರಾಗೇ ಕೂತ್ಕಂಡ್ ಹಾರ್ಕಂಡ್ ಹೋಯ್ನಿ."

ಮಂಜಯ್ಯ ಎಳನೀರು ಕುಡಿದು ಬಿಟ್ಟ ಒಂದು ಖಾಲಿ ಬೊಂಡದ ಚಿಪ್ಪನ್ನು ಪೈಪಿನ ಬಾಯಿಗೆ ಕಲ್ಲಿನಿಂದ ಹೊಡೆದು ಕೂರಿಸಿದ. ಪೈಪು ಮುಚ್ಚಿತು. ಪಾತ್ರೆ ತೊಳೆದ ನೀರು ಹಿಂದಕ್ಕೆ ಬಂದು ಗುಲಾಬಿಯ ಕಾಲು ಮುಳುಗಿಸಿತು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಪೈಪಿನ ಮಾತು ಮುಗಿಯಿತು. ನಿಂತ ನೀರನ್ನು ಏನು ಮಾಡುವುದು? ಮಂಜಯ್ಯನ ಕಣ್ಣು ಕೆಳಗಿನ ಕಿಂಡಿ ಅಣೆಕಟ್ಟಿನ ಮೇಲೆ ಬಿತ್ತು.

ಗೋಳಿಬೈಲಿನ ತೋಡು ಸ್ವಲ್ಪ ದೂರ ಹೋಗಿ ಹೊಳೆಗೆ ಸೇರುತ್ತದೆ, ಹೊಳೆ ಸಮುದ್ರಕ್ಕೆ. ಮಳೆ ನಿಂತ ಮೇಲೆ ಉಬ್ಬರದ ಉಪ್ಪುನೀರು ತೋಡಿನುದ್ದಕ್ಕೂ ಏರಿ ಬರುತ್ತದೆ. ಅದನ್ನು ತಡೆಯಲು ಪ್ರತಿ ವರ್ಷ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಆಚೆ ಉಪ್ಪು, ಈಚೆ ಸಿಹಿ. ಹಲಗೆ ಇಳಿಸುವವನು ದುಗ್ಗಪ್ಪ. ಮುಂದಿನ ಮಳೆಯವರೆಗೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಹಿಂದೊಮ್ಮೆ ಮೀನಿನ ಆಸೆಗೆ ಹಲಗೆ ಎತ್ತಿದವನೊಬ್ಬನನ್ನು ದುಗ್ಗಪ್ಪ ಕಿಂಡಿಯಲ್ಲೇ ನಿಲ್ಲಿಸಿದ್ದನಂತೆ, ಹಲಗೆಯ ಬದಲಿಗೆ.

ಆದರೆ ದುಗ್ಗಪ್ಪ ಆವತ್ತು ಮದುವೆ ಊಟಕ್ಕೆ ದೂರದ ಶಂಕರನಾರಾಯಣಕ್ಕೆ ಹೋಗಿದ್ದ. ಸಮುದ್ರದಲ್ಲಿ ಇಳಿತ. ಒಂದೇ ಒಂದು ಕಿಂಡಿ ಬಿಡಿಸಿದರೆ ಕೊಳೆಯೆಲ್ಲ ಹೊಳೆಗೆ ಹೋಗುತ್ತದೆ, ಗುಡ್ಡದ ಒರತೆಯ ಹೊಸ ನೀರು ಬಂದು ತುಂಬುತ್ತದೆ. ಉಬ್ಬರಕ್ಕೆ ಮೊದಲು ಹಲಗೆ ಇಳಿಸಿದರಾಯಿತು. ಇದೂ ಒಂದು ಲೆಕ್ಕವೇ.

ಹಾರೆ ಹಾಕಿ ಮೀಟಿದ. ಮೇಲಿನ ಹಲಗೆ ಎದ್ದಿತು, ನಂತರ ಒಂದೊಂದೇ ಬಂದವು. ಕಟ್ಟಿಹಾಕಿದ ಕೋಣ ಹಗ್ಗ ಹರಿದುಕೊಂಡ ಹಾಗೆ ನೀರು ನುಗ್ಗಿತು. ಸಿಪ್ಪೆ, ನೊರೆ, ಎಣ್ಣೆ ಎಲ್ಲ ಮದುವೆ ದಿಬ್ಬಣದಂತೆ ಹೊರಟವು. ಗಂಟೆ ಕಳೆಯುವಷ್ಟರಲ್ಲಿ ತೋಡಿನ ತಳದ ಮರಳು ಕಾಣತೊಡಗಿತು. ಮಂಜಯ್ಯನಿಗೆ ನಗು ಬಂತು.

ನಗುತ್ತ ತಿರುಗಿ ನೋಡುವಾಗ ದಂಡೆಯ ಮೇಲೆ ಒಟ್ಟಿದ್ದ ಹಲಗೆಗಳು ಇರಲಿಲ್ಲ. ನುಗ್ಗಿದ ನೀರು ದಂಡೆಯ ಮಣ್ಣನ್ನು ಕೊರೆದಿತ್ತು. ದೂರದ ತಿರುವಿನಲ್ಲಿ ಕೊನೆಯ ಹಲಗೆ ಮೂತಿ ಎತ್ತಿ ಹೋಗುತ್ತಿತ್ತು, ಕುಂದಾಪುರದ ಕೋಡಿ ಕಡಲಬದಿಯಲ್ಲಿ ಯಾರನ್ನೋ ಕಾಣುವುದಿದೆ ಎಂಬ ಅವಸರದಲ್ಲಿ.

"ಹ್ವಾಯ್ ಮಂಜಯ್ಯ," ಆಚೆ ದಂಡೆಯಿಂದ ಅಮ್ಮಣ್ಣಿಯ ಸ್ವರ ಬಂತು. ತೋಡಿಗೆ ತಾಗಿಯೇ ಅವಳ ಗದ್ದೆ, ಬಾವಿ. "ಕಿಂಡಿ ಹಲ್ಗಿ ಎಲ್ಲಿಗ್ ಹೋಯ್ತ್?"

"ತೊಳುಕೆ ತೆಗ್ದದ್ದ್ ಅಮ್ಮಣ್ಣಿಯಕ್ಕ."

"ನೀರೊಳ್ಗೆ ಇಪ್ಪು ಹಲ್ಗಿ ತೊಳುದಾ? ನಾ ಮದ್ವಿ ಆಯ್ ಈ ಊರಿಗ್ ಬಂದ್ ಇಷ್ಟ್ ವರ್ಷ ಆಯ್ತ್, ಇದನ್ ಕಾಣ್ಲಿಲ್ಲೆ." ಅವಳು ಸೊಂಟದ ಮೇಲೆ ಕೈ ಇಟ್ಟಳು. "ಕಾಣ್, ನನ್ ಬಾವಿಗ್ ಉಪ್ಪ್ ಬಂದ್ರೆ ನಾ ಜಗಳ ಮಾಡ್ತಿಲ್ಲೆ. ದಿನಾ ನಿನ್ ಹೋಟ್ಲಿಗೇ ಬಂದ್ ಮಿಂದ್ಕಂಡ್ ಹೋತೆ. ಎಮ್ಮಿಯನ್ನೂ ತತ್ತೆ."

ಮಂಜಯ್ಯ ಕಿಂಡಿಯ ಕಡೆ ನೋಡಿದ. ಇಷ್ಟು ಹೊತ್ತು ಸಮುದ್ರದ ಕಡೆ ಬಾಗಿದ್ದ ಹುಲ್ಲಿನ ದಂಟುಗಳು ನೆಟ್ಟಗೆ ನಿಂತಿದ್ದವು. ನೋಡುತ್ತಿದ್ದಂತೆ ಒಂದು ದಂಟು ಮೆಲ್ಲಗೆ ಊರಿನ ಕಡೆ ಬಾಗಿತು. ಆಗಷ್ಟೇ ತೇಲಿ ಹೋದ ಈರುಳ್ಳಿ ಸಿಪ್ಪೆಯೊಂದು ಏನನ್ನೋ ಮರೆತು ಹೋದ ನೆಂಟನ ಹಾಗೆ ಹಿಂದಕ್ಕೆ ಬರುತ್ತಿತ್ತು. ಅಮಾವಾಸ್ಯೆಯ ದೊಡ್ಡ ಉಬ್ಬರ. ಗದ್ದೆಗೆ ಉಪ್ಪು ಹತ್ತಿದರೆ ಬೆಳೆ ಹೋಯಿತು. ಬಾವಿ ಹೋಯಿತು. ಬೀಗ ಹಾಕಲು ಆಫೀಸರು ಬೇಕಾಗಿಲ್ಲ, ಊರಿನವರೇ ಸಾಕು. ಅದೂ ಅವನನ್ನು ಒಳಗೆ ಕೂಡಿಹಾಕಿ.

ಹೋಟೆಲಿಗೆ ಓಡಿದ. ಹಲಗೆಯಂಥದ್ದು ಏನೂ ಕಾಣಲಿಲ್ಲ. ಮೇಜುಗಳಿಗೆಲ್ಲ ಕಲ್ಲಿನ ಹಾಸು, ಬೆಂಚುಗಳು ಗೇಣಗಲ. "ಅಡ್ಡ ಇಡುಕೆ ಎಂತಾರೂ ಕೊಡ್ ಗುಲಾಬಿ, ಉಪ್ಪ್‌ನೀರ್ ಬಂತ್."

ಗುಲಾಬಿ ಒದ್ದೆ ಸೀರೆಯಲ್ಲೇ ಹೊರಗೆ ಬಂದು, ತಲೆ ಎತ್ತಿ ಬೋರ್ಡನ್ನು ನೋಡಿದಳು. ಮಂಜಯ್ಯನೂ ನೋಡಿದ.

"ಅದ್ ಬ್ಯಾಡ ಮಾರಾಯ್ತಿ."

"ಹಂಗಾರೆ ನೀವೇ ಅಡ್ಡ ನಿತ್ಕಣಿ. ದುಗ್ಗಪ್ಪಯ್ಯ ಬಪ್ಪುಕಿಂತ ಮುಂಚೆ."

ಬೋರ್ಡು ಇಳಿಯಿತು. ಒಂದು ತುದಿಯನ್ನು ಮಂಜಯ್ಯ, ಇನ್ನೊಂದನ್ನು ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡ ವೆಂಕಟ ಹಿಡಿದು ಓಡಿದರು. ಕಿಂಡಿಗೆ ಅಡ್ಡ ಇಟ್ಟದ್ದೇ ತಡ, ಉಬ್ಬರ ಹಿಂದಿನಿಂದ ಒತ್ತಿ ತಗಡನ್ನು ಕಿಂಡಿಯ ಎರಡು ಬದಿಯ ಕಂಬಗಳಿಗೆ ಅಂಟಿಸಿತು. ಗುಲಾಬಿ, ಅಮ್ಮಣ್ಣಿ ಸೇರಿ ಬುಡಕ್ಕೆ ಮರಳಿನ ಚೀಲ ಒಟ್ಟಿದರು. ಅವಸರದಲ್ಲಿ ತಲೆಕೆಳಗಾಗಿ ಇಟ್ಟಿದ್ದರಿಂದ ವಿಮಾನ ಮೂಗು ಮುಂದಾಗಿ ತೋಡಿಗೆ ಇಳಿದಿತ್ತು. ಗೋಳಿಬೈಲಿಗೆ ಬಂದ ಮೊದಲ ವಿಮಾನ ಅದು.

ಜೀಪು ಬಂದಾಗ ಮಂಜಯ್ಯ ಸೊಂಟದವರೆಗೆ ಕೆಸರಾಗಿ ನಿಂತಿದ್ದ. ಇಳಿದವಳು ಸುಪ್ರೀತಾ ಎಂಬ ಆಫೀಸರು, ಬ್ರಹ್ಮಾವರದವಳು, ತೋಡು ಕಿಂಡಿ ಎಲ್ಲ ಕಂಡೇ ಬೆಳೆದವಳು. ಒರತೆ ಬಂದು ಸೇರುವಲ್ಲಿ ಹರಿವು ಅಳೆದಳು, ಬಾಟಲಿಯಲ್ಲಿ ನೀರು ತುಂಬಿ ಯಂತ್ರ ಅದ್ದಿದಳು. ಮಂಜಯ್ಯ ಅವಳ ಮುಖವನ್ನೇ ನೋಡುತ್ತ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಂತೆ ಬೆವರಿದ. ಅವಳ ಕಣ್ಣು ಪೈಪಿನ ಬಾಯಿಯ ಬೊಂಡದ ಮೇಲೆ ಹೋಯಿತು. ಅಲ್ಲಿಂದ ಕಿಂಡಿಯ ವಿಮಾನಕ್ಕೆ.

"ಈ ಬೋರ್ಡ್ ಯಾರ್ದ್?"

ವೆಂಕಟ ಗೋಳಿಬಜೆ ನುಂಗಿದ. "ಇವ್ರ್ದೇ ಮೇಡಂ. ಹಲ್ಗಿ ಹೋಯ್ತ್ ಅಂದ್ಕೂಡ್ಲೆ ತನ್ ಹೋಟ್ಲಿನ ಬೋರ್ಡನ್ನೇ ಕಿತ್ ಕೊಟ್ರ್."

"ಹಲ್ಗಿ ಹ್ಯಾಂಗ್ ಹೋಯ್ತ್?"

"ಹೋಯ್ತ್ ಮೇಡಂ."

ಸುಪ್ರೀತಾ ಮಂಜಯ್ಯನ ಕಡೆ ತಿರುಗಿ ಸಣ್ಣಗೆ ನಕ್ಕಳು. "ಪೈಪ್ ಇವತ್ ಮುಚ್ಚಿದ್ದಾ, ನಿನ್ನೆ ಮುಚ್ಚಿದ್ದಾ ಅಂತ ನಾ ಕೇಂತಿಲ್ಲೆ. ಇನ್ನ್ ಮೇಲೆ ತೆಗಿಬೇಡಿ. ನೀರ್ ಚಲೋ ಇತ್ತ್, ಹರಿವೂ ಇತ್ತ್. ನಿಮ್ಮ್ ತೋಡ್ ಜೀವಂತ ಇತ್ತ್."

ಮಂಜಯ್ಯನ ಎದೆಯಿಂದ ಅಕ್ಕಿಮೂಟೆ ಇಳಿಯಿತು. "ಹಂಗಾರೆ ಬೀಗ ಹಾಕುದಿಲ್ಯಾ?"

"ಬೀಗವಾ? ನಾವ್ ಬಂದದ್ ಅದ್ಕಲ್ಲ. ಇದ್ ಸತ್ತ ತೋಡ್ ಆಗಿದ್ರೆ ಕಾಂಕ್ರೀಟ್ ಹಾಕಿ ಮುಚ್ಚಿ, ಮೇಲಿಂದ ಏರ್‌ಪೋರ್ಟ್ ರಸ್ತಿ ಮಾಡುದ್ ಅಂತ ಇದ್ದಿತ್. ನಿಮ್ ಹೋಟ್ಲಿಗ್ ತಾಗಿಯೇ. ಇನ್ನ್ ಆತಿಲ್ಲೆ. ರಸ್ತಿ ಗುಡ್ಡದ್ ಆಚಿ ಬದಿಗ್ ಹೋತ್ತ್."

ಮಂಜಯ್ಯ ಎಮ್ಮೆ ಮೇಯುವ ಗುಡ್ಡದ ಕಡೆ ತಿರುಗಿ ನೋಡಿದ.

"ಮತ್ತೆ, ತೋಡಿನ್ ಎರಡೂ ದಂಡಿ ಖಾಲಿ ಇರ್ಕ್. ನಿಮ್ ಅಡ್ಗಿಮನಿ ತೆಗುಕಾತ್ತ್. ಹಾಂ, ತೋಡ್ ಕಾಯುಕೆ ಒಂದ್ ಸಮಿತಿ ಮಾಡ್ಕ್. ಅಧ್ಯಕ್ಷ್ರ್ ಯಾರ್?"

"ಮಂಜಯ್ಯನೇ ಆಯ್ಲಿ," ಅಮ್ಮಣ್ಣಿ ಕೂಡಲೇ ಹೇಳಿದಳು. "ಹಲ್ಗಿ ತೊಳುವಷ್ಟ್ ಕಾಳಜಿ ಇತ್ತ್ ಅವಂಗೆ."

ಬೇಡವೆನ್ನಲು ಮಂಜಯ್ಯ ಕೈ ಎತ್ತಿದ. ಆ ಹೊತ್ತಿಗೆ ಬಸ್ಸು ನಿಂತು ದುಗ್ಗಪ್ಪ ಇಳಿಯುವುದು ಕಂಡಿತು. ಬೇಡವೆಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಿದರೆ ಹಲಗೆಯ ಮಾತು ಬರುತ್ತದೆ. ಎತ್ತಿದ ಕೈಯನ್ನೇ ಮಂಜಯ್ಯ ಇನ್ನೊಂದು ಕೈಗೆ ಸೇರಿಸಿ ಎಲ್ಲರಿಗೂ ನಮಸ್ಕಾರ ಮಾಡಿದ.

ದುಗ್ಗಪ್ಪ ಕಿಂಡಿಯ ಹತ್ತಿರ ಕೂತು ತಗಡನ್ನು ಬೆರಳಿನಿಂದ ಬಡಿದು, ಕಿವಿ ಕೊಟ್ಟು ಕೇಳಿದ. ಒಂದು ಹನಿಯೂ ಸೋರುತ್ತಿರಲಿಲ್ಲ.

"ಹಲ್ಗಿಕಿಂತ ಇದೇ ಚಲೋ ಇತ್ತಲ್ಲ ಅಧ್ಯಕ್ಷ್ರೆ," ಎಂದ. "ಮಳಿ ಬಪ್ಪುವರಿಗ್ ಇಲ್ಲೇ ಇರ್ಲಿ. ಯಾರೂ ಮುಟ್ಟುಕಾಗ."

ತೋಡು ಉಳಿಯಿತು. ಅಮ್ಮಣ್ಣಿಯ ಬಾವಿ ಸಿಹಿಯಾಗಿಯೇ ಇದೆ. ಮಂಜಯ್ಯನಿಗೆ ಅಡುಗೆಮನೆ ಹೋಯಿತು, ಬರಬೇಕಾಗಿದ್ದ ರಸ್ತೆ ಹೋಯಿತು, ಬೋರ್ಡು ಹೋಯಿತು. ಇಂಗುಗುಂಡಿಗೆ ಈಗ ಅರವತ್ತು ಸಾವಿರ ಕೇಳುತ್ತಿದ್ದಾರೆ.