ಅಟ್ಟ ನೋಡುವ ಮಾವ

ನಮ್ಮ ಸೋದರಮಾವನನ್ನು ಯಾರ ಮನೆಗೂ ಕರೆದುಕೊಂಡು ಹೋಗಬಾರದು. ಕಳ್ಳರಲ್ಲ, ಕುಡುಕರಲ್ಲ, ಮಾತಿನಲ್ಲಿ ಒರಟರೂ ಅಲ್ಲ. ಆದರೆ ಹೊಸ್ತಿಲು ದಾಟಿದ ಕೂಡಲೇ ಮನೆಯವರ ಮುಖ ಬಿಟ್ಟು ಅಟ್ಟ ನೋಡುತ್ತಾರೆ. "ಬರ್ರಿ, ಕುಂತ್ಕಳ್ರಿ" ಎಂದರೆ "ಮೇಲೇನೈತೆ?" ಎನ್ನುತ್ತಾರೆ. ಹಳೆಯ ಲಾಟೀನು, ಪಂಪ್ ಸ್ಟೌ, ಬೆಸುಗೆಯವರ ಬ್ಲೋ ಲ್ಯಾಂಪು, ಹೀಗೆ ಸೀಮೆಎಣ್ಣೆ ಕುಡಿದು ಬದುಕಿದ್ದು ಯಾವುದೇ ಸಿಗಲಿ, ಅದು ಯಾವ ಕಾಲದ್ದು, ಯಾವ ದೇಶದ್ದು, ಯಾವ ಭಾಗ ಬದಲಾಗಿದೆ ಎಂದು ಹೇಳಿಯೇ ತೀರಬೇಕು. ಯಾರೂ ಕೇಳಿರುವುದಿಲ್ಲ, ಅದು ಬೇರೆ ಮಾತು.

ನನಗೆ ಹೆಣ್ಣು ನೋಡಲು ಹೊಳಲ್ಕೆರೆಗೆ ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಎಲ್ಲರೂ ಅವಳನ್ನು ನೋಡಿದರೆ ಮಾವ ಅವಳ ಹಿಂದೆ ಗೂಟಕ್ಕೆ ತೂಗುಹಾಕಿದ್ದ ಲಾಟೀನು ನೋಡುತ್ತಿದ್ದರು.

"ಹೆಂಗ್ ಅನ್ನಿಸ್ತು ಯಜಮಾನ್ರೆ?" ಎಂದು ಹುಡುಗಿಯ ತಂದೆ ಕೇಳಿದರು.

"ತಗಡು ಗಟ್ಟಿ ಐತೆ. ಗಾಜು ಮಾತ್ರ ಬೇರೆ ಕಡೇದು ತಂದು ಹಾಕ್ಯಾರೆ."

ಆ ಸಂಬಂಧ ಕೂಡಲಿಲ್ಲ. ಲಾಟೀನು ಮಾತ್ರ ಮಾವನ ಮನೆ ಸೇರಿತು. ಹುಡುಗಿ ಉಟ್ಟಿದ್ದು ಹಸಿರು ಸೀರೆ ಎಂದು ನನ್ನ ನೆನಪು, ನೀಲಿ ಎಂದು ಮಾವನ ವಾದ. ಅವರು ಸೀರೆ ನೋಡಿದ್ದಾದರೂ ಯಾವಾಗ?

ಇನ್ನೊಂದು ಭಾನುವಾರ ಹೊಸದುರ್ಗದ ಮಾಂಸದಂಗಡಿ ಸಾಲಿನಲ್ಲಿ ಒಬ್ಬಾತ ಹಿತ್ತಾಳೆಯ ಬ್ಲೋ ಲ್ಯಾಂಪಿನಿಂದ ಕುರಿಯ ತಲೆ ಸುಡುತ್ತಿದ್ದ. ಮಾವ ನಿಂತೇಬಿಟ್ಟರು.

"ಏನಪ್ಪ, ಅದರ ಅಡಿ ಸ್ವಲ್ಪ ತೋರ್ಸು."

ಆತ ತಲೆಯನ್ನು ತಿರುಗಿಸಿ ಹಿಡಿದ. "ಎಳೇದು ಯಜಮಾನ್ರೆ, ಹಲ್ಲು ನೋಡ್ರಿ."

"ತಲೆ ಯಾರಿಗ್ ಬೇಕು? ಯಾವುದ್ರಾಗೆ ಸುಡ್ತಿದಿಯೋ, ಅದ್ರದ್ದು ಅಡಿ."

"ಹಂಗಾರೆ ದಾರಿ ಬಿಡ್ರಿ, ತಲೆ ಬೇಕಾದೋರು ಇಲ್ಲಿದೀವಿ" ಎಂದಿತು ಹಿಂದಿನ ಸಾಲು. ಅಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು. ಮಾವನ ಜೊತೆ ಹೊರಟ ದಿನ ನಾನು ಹತ್ತಬೇಕಾದ ಬಸ್ಸು ಹತ್ತಿದ ನೆನಪಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಪುರಾವೆ ಕೇಳಲು ಕಲಿತವನು. "ಹೆಂಗೆ ಗೊತ್ತಾಯ್ತು ಮಾವ?" ಎಂದರೆ "ಮೂಸಿದೆ" ಎನ್ನುತ್ತಾರೆ. ಇದಕ್ಕೆ ಅಡಿಟಿಪ್ಪಣಿ ಹಾಕುವುದು ಹೇಗೆ? ಒಮ್ಮೆ ಜರ್ಮನಿಯದೆಂದು ವಾರಗಟ್ಟಲೆ ಹುಣಸೆಹಣ್ಣು ಹಾಕಿ ಉಜ್ಜಿದ ಸ್ಟೌವಿನ ಅಡಿಯಲ್ಲಿ ದಾವಣಗೆರೆಯ ಹೆಸರು ಎದ್ದು ಬಂತು. "ಯಾಕೆ, ಜರ್ಮನಿಯೋರು ದಾವಣಗೆರೆಗೆ ಬರಬಾರ್ದಾ?" ಎಂದರು. ನನಗೆ ವಾದಿಸಿ ಸಾಕಾಗಿದೆ.

ಆದರೂ ಮೊನ್ನೆ ಅವರನ್ನು ನಾನೇ ಕರೆಸಿದೆ. ನಮ್ಮ ಅಟ್ಟದಲ್ಲಿ ಎರಡು ಹಿತ್ತಾಳೆ ಸ್ಟೌ ಸಿಕ್ಕಿದ್ದವು. ಒಂದು ಅವ್ವ ಬಳಸಿದ್ದು. ಇನ್ನೊಂದು ಅಪ್ಪ ಎಲ್ಲಿಂದಲೋ ತಂದು ಮೂಲೆಗಿಟ್ಟದ್ದು. ಅವ್ವನದು ಮೂರು ಕಾಲಿನದು ಎಂದು ನನ್ನ ನೆನಪು, ನೋಡಿದರೆ ಎರಡಕ್ಕೂ ಮೂರೇ ಕಾಲು. ಹಿರಿಯೂರಿನ ತಂಗಿಗೆ ಫೋನ್ ಮಾಡಿದರೆ "ಕೆಂಪು ಹಿಡಿ ಇತ್ತಲ್ಲಣ್ಣ" ಎಂದಳು. ಎರಡಕ್ಕೂ ಹಿಡಿಯೇ ಇಲ್ಲ. ಅವ್ವ ತೀರಿಕೊಂಡಾಗ ನಾವಿಬ್ಬರೂ ಚಿಕ್ಕವರು. ಅವಳ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ತೀರ ಕಡಿಮೆ. ಅವಳ ಕೈ ತಾಗಿದ ಒಂದು ವಸ್ತುವಾದರೂ ಅನುಮಾನವಿಲ್ಲದೆ ನನ್ನ ಬಳಿ ಇರಲಿ ಎಂಬ ಆಸೆ.

ಆ ಕಾಲದಲ್ಲಿ ಮಾವ ದೂರದ ಊರಿನಲ್ಲಿ ನೌಕರಿಯಲ್ಲಿದ್ದರು, ನಮ್ಮ ಅಡುಗೆಮನೆ ಕಂಡವರಲ್ಲ. ಈ ಸಲ ಅವರು ಮೂಸಲಿಲ್ಲ, ಉಗುರಿನಿಂದ ಬಡಿದೂ ನೋಡಲಿಲ್ಲ.

"ನಿಮ್ಮವ್ವ ಅಡಿಗೆಮನೇಲಿ ಹೆಂಗ್ ಮಾತಾಡ್ತಿದ್ಲು?"

"ಮಾತೆಲ್ಲಿ ಮಾವ, ಬರೀ ಬೈಗುಳ. ಬೀದಿಗೆ ಕೇಳೋ ಹಂಗೆ. ಅದೊಂದು ಪಕ್ಕಾ ನೆನಪೈತೆ."

"ಏನಂತ ಬೈತಿದ್ಲು? ಒಂದು ಹೇಳು."

ಬಾಯಿ ತೆರೆದೆ. ಒಂದೂ ಬರಲಿಲ್ಲ.

ಮಾವ ಎರಡಕ್ಕೂ ಸೀಮೆಎಣ್ಣೆ ಹುಯ್ದರು. ಮೊದಲನೆಯದು ಬೆಕ್ಕು ಹಾಲು ಕುಡಿದಷ್ಟೇ ಸದ್ದು ಮಾಡಿ ನೀಲಿಯಾಗಿ ಉರಿಯಿತು. ಅದನ್ನು ಆರಿಸಿ ಎರಡನೆಯದಕ್ಕೆ ಪಂಪು ಹೊಡೆದರು. ಅದು ಭೋರೆಂದು ಹತ್ತಿಕೊಂಡಿತು. ಕಿಟಕಿಯ ಗಾಜು ನಡುಗಿತು. ಮಾವನ ತುಟಿ ಅಲುಗುತ್ತಿತ್ತು, ಮಾತು ಕೇಳಲಿಲ್ಲ.

"ಏನು?" ಎಂದು ಕೂಗಿದೆ.

"ನಮ್ಮಕ್ಕ ಮೆತ್ತಗೆ ಮಾತಾಡೋಳು ಕಣೋ!" ಮಾವನೂ ಕೂಗಿದರು. "ಇದರ ಮುಂದೆ ಕುಂತೋಳು ಇನ್ನೆಂಗ್ ಮಾತಾಡ್ಬೇಕು?"

ಇದು ಪುರಾವೆಯಲ್ಲ. ನನಗೆ ಗೊತ್ತು. ಆದರೆ ಆ ಭೋರ್ಗರೆತದ ಒಳಗಿನಿಂದ ಒಂದು ದನಿ, ಬೀದಿಗೆ ಕೇಳುವಷ್ಟು ಜೋರಾಗಿ, "ರೊಟ್ಟಿ ಬಿಸಿ ಐತೆ ಬಾರೋ, ಇನ್ನೊಂದ್ ಹಾಕ್ಲಾ?" ಎನ್ನುತ್ತಿತ್ತು. ಇಷ್ಟು ವರ್ಷ ನಾನು ಬೈಗುಳವೆಂದು ತಿಳಿದದ್ದು ಇದನ್ನೇ.

ಮಾವ ಗಾಳಿ ಬಿಟ್ಟು ಸ್ಟೌ ಆರಿಸಲು ಕೈ ಚಾಚಿದರು. ಆ ಕೈಯನ್ನು ಹಿಡಿದುಕೊಂಡೆ.

"ಇನ್ನೊಂಚೂರು ಉರೀಲಿ ಮಾವ" ಎಂದೆ. ಅದನ್ನೂ ಕೂಗಿಯೇ ಹೇಳಬೇಕಾಯಿತು.