ರಿಪೇರಿ ಅಂಗಡಿಯ ಮುಂದೆ ಸಾಲು

ಜೂನ್ ಹದಿನಾಲ್ಕು, ಸೋಮವಾರ, ಬೆಳಗ್ಗೆ ಎಂಟೂ ಹತ್ತಕ್ಕೆ ರಿಪೇರಿಯವನು ತನ್ನ ಅಂಗಡಿಯ ಬಾಗಿಲಿಗೆ ಒಂದು ರಟ್ಟು ನೇತುಹಾಕಿದ: ‘ರಿಪೇರಿಗೆ ಕೊಟ್ಟ ಸಾಮಾನು ಒಯ್ಯಲು ಇಂದೇ ಕೊನೆ. ನಾಳೆಯಿಂದ ಹೊಸ ಫ್ಯಾನು ಮಾತ್ರ.’ ಊರು ಹಾಳಾಗಲು ಇಷ್ಟು ಸಾಕಾಯಿತು.

ಆ ಊರು ಬದುಕಿದ್ದು ಬಟ್ಟೆಬರೆ ಇಡುವ ಉಕ್ಕಿನ ಬೀರು ಮಾಡುವ ಕಾರ್ಖಾನೆಯಿಂದ. ಸುತ್ತಲಿನ ಊರುಗಳಲ್ಲಿ ಬೀರು ಖರ್ಚಾದರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ರಾತ್ರಿ ಪಾಳಿ ಇದ್ದರೆ ಪೇಟೆಯಲ್ಲಿ ದುಡ್ಡು. ದುಡ್ಡಿದ್ದರೆ ಜನ ಕೆಟ್ಟ ಮಿಕ್ಸಿಯನ್ನು ಎಸೆದು ಹೊಸದು ಕೊಳ್ಳುತ್ತಿದ್ದರು. ದುಡ್ಡಿಲ್ಲದಾಗ ಅದೇ ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರಿಪೇರಿಯವನಲ್ಲಿಗೆ ಬರುತ್ತಿದ್ದರು. ಹೀಗಾಗಿ ಪೇಟೆಯ ವ್ಯಾಪಾರಿಗಳು ಪತ್ರಿಕೆಯ ವಾಣಿಜ್ಯ ಪುಟ ಓದುತ್ತಿರಲಿಲ್ಲ. ಬೆಳಗ್ಗೆ ಒಮ್ಮೆ ರಿಪೇರಿ ಅಂಗಡಿಯ ಕಡೆ ಕಣ್ಣು ಹಾಯಿಸುತ್ತಿದ್ದರು. ಅಲ್ಲಿ ಬರೀ ನೊಣ ಕಂಡರೆ ಕಾಲ ಚೆನ್ನಾಗಿದೆ ಎಂದರ್ಥ.

ಎರಡು ವರ್ಷದಿಂದ ಕಾಲ ಎಷ್ಟು ಚೆನ್ನಾಗಿತ್ತೆಂದರೆ ಆ ಅಂಗಡಿಯಲ್ಲಿ ನೊಣಕ್ಕೂ ಬೇಸರ ಬಂದಿತ್ತು. ಕೊನೆಗೆ ರಿಪೇರಿಯವನು ಮನೆಯ ಮೇಲೆ ಸಾಲ ಎತ್ತಿ ನಲವತ್ತು ಟೇಬಲ್ ಫ್ಯಾನು ತರಿಸಿದ. ಹಳೆಯ ಸಲಕರಣೆಗಳನ್ನೆಲ್ಲ ಬಾಮೈದನಿಗೆ ಕೊಟ್ಟುಬಿಟ್ಟ. ಬಾಮೈದ ಆರು ವರ್ಷ ಆ ಅಂಗಡಿಯಲ್ಲಿ ಟಾರ್ಚು ಹಿಡಿಯುವ ಕೆಲಸ ಮಾಡಿದ್ದ, ಅದೂ ಸದಾ ಬೇರೆ ಕಡೆಗೆ.

“ಭಾವ, ಇದೆಲ್ಲ ಪೂರ್ತಿ ನನಗೇನಾ?”

“ತಗೊಂಡು ಹೋಗೋ ಮಾರಾಯ. ಇನ್ಮೇಲೆ ಅದು ನನಗ್ಯಾಕೆ?”

ರಟ್ಟು ಓದಿ ಜನ ಬಂದರು. ಎಂದೋ ಕೊಟ್ಟು ಮರೆತ ಇಸ್ತ್ರಿಪೆಟ್ಟಿಗೆಗೂ ರೇಡಿಯೋಗೂ ಒಮ್ಮೆಲೇ ವಾರಸುದಾರರು ಹುಟ್ಟಿಕೊಂಡರು. ನೋಡನೋಡುತ್ತ ಸಾಲು ಬೇಕರಿಯನ್ನು ದಾಟಿತು.

ಎದುರಿನ ಫರ್ನಿಚರ್ ಅಂಗಡಿಯ ಯಜಮಾನರು ಬಾಗಿಲು ತೆರೆಯಲು ಬಂದವರು ಬೀಗದಕೈ ಹಿಡಿದೇ ನಿಂತರು. ಅವರಿಗೆ ರಟ್ಟು ಕಾಣಲಿಲ್ಲ. ಅದರ ಮುಂದೆ ಜನ ಇದ್ದರು.

“ಇದೇನ್ರೀ ಬೇಕರಿ?” ಎಂದು ರಸ್ತೆಯಾಚೆಯ ಬೇಕರಿಯವನನ್ನು ಕೂಗಿ ಕೇಳಿದರು.

“ಕಾಲ ತಿರುಗಿತು ಯಜಮಾನ್ರೇ. ನಾನು ಆಗಲೇ ನಾಳೆಯ ಹಿಟ್ಟು ಅರ್ಧ ಮಾಡಿದೆ.”

ಯಜಮಾನರು ಪಕ್ಕದ ಊರಿನಲ್ಲಿ ಬೀರು ಮಾರುವ ತಮ್ಮ ಬೀಗರಿಗೆ ಫೋನು ಮಾಡಿದರು.

“ಬೀಗರೇ, ಬೀರು ತರಿಸಬೇಡಿ. ನಮ್ಮ ರಿಪೇರಿ ಅಂಗಡೀಲಿ ಕ್ಯೂ ನಿಂತಿದೆ.”

“ಅಯ್ಯೋ! ಎಷ್ಟುದ್ದ?”

“ಬೇಕರಿ ದಾಟಿದೆ.”

ಬೀಗರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಅವರಿಗೂ ಬೀಗರಿದ್ದರು.

ಬೇಕರಿಯವನಿಂದ ವಿಷಯ ತಿಳಿದು ರಿಪೇರಿಯವನು ರಸ್ತೆ ದಾಟಿ ಓಡಿಬಂದ.

“ಯಜಮಾನ್ರೇ, ಅವರು ರಿಪೇರಿಗೆ ಕೊಡೋಕೆ ಬಂದಿಲ್ಲ! ಹಳೇ ಸಾಮಾನು ವಾಪಸ್ ಒಯ್ಯೋಕೆ ಬಂದಿದ್ದಾರೆ!”

ಯಜಮಾನರು ಯೋಚಿಸಿದರು. “ಹಳೇದನ್ನೂ ಬಿಡದೆ ಒಯ್ತಿದಾರೆ ಅಂದ್ರೆ ಇನ್ನೂ ಕೆಟ್ಟದಾಯ್ತಲ್ಲಪ್ಪಾ,” ಎಂದು ಮತ್ತೆ ಫೋನೆತ್ತಿದರು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಊರುಗಳು ಬೀರು ಬೇಡವೆಂದವು. ಊಟದ ನಂತರ ಕಾರ್ಖಾನೆ ರಾತ್ರಿ ಪಾಳಿ ನಿಲ್ಲಿಸಿತು. “ನಾನು ಹೇಳಿರಲಿಲ್ವಾ?” ಎಂದು ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ಹೇಳಿದರು.

ಒಯ್ದ ಸಾಮಾನುಗಳೆಲ್ಲ ರಿಪೇರಿಗೆಂದು ತಿರುಗಿ ಬೀದಿಗೆ ಬಂದವು. ಬೇಕರಿಯ ಪಕ್ಕ ಬಾಮೈದ ಸ್ಟೂಲು ಹಾಕಿ ಕುಳಿತಿದ್ದ. ಸಾಲು ಈಗ ಅವನ ಮುಂದಿತ್ತು.

ಗಿರಾಕಿಗಳನ್ನು ಸೆಳೆಯಲು ರಿಪೇರಿಯವನು ಒಂದು ಹೊಸ ಫ್ಯಾನನ್ನು ಬಾಗಿಲಲ್ಲಿಟ್ಟು ಜೋರಾಗಿ ತಿರುಗಿಸಿದ. ಅದು ಸ್ವಲ್ಪ ಹೊತ್ತು ಗಾಳಿ ಬೀಸಿ, ಹಲ್ಲುನೋವು ಬಂದವರಂತೆ ನರಳಿ, ನಿಂತಿತು. ಸದ್ದು ಕೇಳಿಯೇ ಅವನಿಗೆ ಗೊತ್ತಾಯಿತು: ಕೆಪಾಸಿಟರ್. ಐದು ನಿಮಿಷದ ಕೆಲಸ. ಕೈ ತಾನಾಗಿ ಗೋಡೆಗೆ ಹೋಯಿತು. ಅಲ್ಲಿ ಸ್ಕ್ರೂಡ್ರೈವರಿನ ಆಕಾರದ ಬಿಳಿ ಗುರುತು ಮಾತ್ರ ಇತ್ತು.

ಫ್ಯಾನು ಹೊತ್ತು ಬಾಮೈದನ ಬಳಿಗೆ ಹೋದ.

“ಲೋ, ಒಂದು ಸ್ಕ್ರೂಡ್ರೈವರ್ ಕೊಡೋ.”

“ಭಾವ, ಜನ ನೋಡ್ತಿದಾರೆ. ಸಾಲಲ್ಲಿ ಬನ್ನಿ.” ಬಾಮೈದ ಆರು ವರ್ಷದಲ್ಲಿ ಮೊದಲ ಸಲ ಟಾರ್ಚನ್ನು ಸರಿಯಾದ ಜಾಗಕ್ಕೆ ಬಿಟ್ಟ. “ನನ್ನ ಕೇಳಿದ್ರೆ, ಇದನ್ನ ರಿಪೇರಿ ಮಾಡ್ಸೋದಕ್ಕಿಂತ ಹೊಸದು ತಗೊಳ್ಳೋದೇ ವಾಸಿ.”

ರಿಪೇರಿಯವನು ಸಾಲಿನ ಕೊನೆಗೆ ಹೋಗಿ ನಿಂತ. ಕಾರ್ಖಾನೆಯಲ್ಲಿ ಅಳತೆ ನೋಡುವವನೊಬ್ಬ, ಅಂದು ರಾತ್ರಿ ಕೆಲಸವಿಲ್ಲದ್ದರಿಂದ, ಟೇಪು ಹಿಡಿದು ಸಾಲನ್ನು ಅಳೆದ. ಹದಿನೆಂಟು ಮೀಟರ್ ನಲವತ್ತು ಸೆಂಟಿಮೀಟರ್, ಫ್ಯಾನು ಸೇರಿ.