ಒಂದೇ ಕಡೆ ಅಗಿಯುವವರು

ಮಕ್ಕಳಿಗೆ ಬುದ್ಧಿ ಹೇಳುವಾಗ ನನ್ನ ದನಿಗೆ ಎಲ್ಲಿಂದಲೋ ಒಂದು ಗಾಂಭೀರ್ಯ ಬಂದುಬಿಡುತ್ತದೆ. ನಾನೇ ಪಾಲಿಸದ ಸಂಗತಿಯಾದರೆ ಅದು ಇನ್ನೂ ಜಾಸ್ತಿ. ಕೆ. ಹೊಸಕೋಟೆಯಿಂದ ಆಚೆ, ಕಾಫಿ ತೋಟಗಳ ನಡುವೆ ಇರುವ ಸಣ್ಣ ಸರ್ಕಾರಿ ಶಾಲೆಯಲ್ಲಿ ನಾನು ಟೀಚರು. ಹತ್ತೊಂಬತ್ತು ಮಕ್ಕಳು. ಈ ವರ್ಷ ಅವರಿಗೆ ಹಲ್ಲಿನ ಆರೋಗ್ಯ ಕಲಿಸುವ ಕೆಲಸವನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ಆ ಹೊತ್ತಿಗಾಗಲೇ ನನ್ನ ಬಲದವಡೆಯ ಕೊನೆಯ ಹಲ್ಲು ಹುಳುಕಾಗಿ ಎರಡು ವರ್ಷವಾಗಿತ್ತು. ಊಟವನ್ನೆಲ್ಲ ಸದ್ದಿಲ್ಲದೆ ಎಡಗಡೆಗೆ ವರ್ಗ ಮಾಡಿಕೊಂಡಿದ್ದೆ. ಹಲ್ಲಿನ ಡಾಕ್ಟರೆಂದರೆ ನನಗೆ ಹೆದರಿಕೆ. ಐವತ್ತು ದಾಟಿದ ಹೆಂಗಸು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ನಮ್ಮ ಕ್ರಮ ಹೀಗಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎಲ್ಲರೂ ಬ್ರಷ್ ಹಿಡಿದು ಹಲಸಿನ ಮರದ ಕೆಳಗೆ ಸಾಲಾಗಿ ನಿಲ್ಲುವುದು, ಕಡಲೆಕಾಳಿನಷ್ಟು ಪೇಸ್ಟ್, ಪೂರ್ತಿ ಎರಡು ನಿಮಿಷ ಉಜ್ಜುವುದು. ಗಡಿಯಾರ ನೋಡುವ ಹೊಣೆ ನನ್ನದು. ಆದರೆ ಆ ಎರಡು ನಿಮಿಷ ಎಂಥದ್ದೆಂದು ಹೇಗೆ ಹೇಳಲಿ! ಹತ್ತೊಂಬತ್ತು ಬಾಯಿಗಳಲ್ಲೂ ನೊರೆ. ಯಾರೂ ಯಾರ ಮೇಲೂ ದೂರು ಹೇಳುವಂತಿಲ್ಲ. ಎದುರಿನ ಗುಡ್ಡದಿಂದ ಮಂಜು ನಿಧಾನವಾಗಿ ಇಳಿದು ತೋಟದೊಳಗೆ ಹೋಗುತ್ತಿತ್ತು. ತೋಟದ ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಮಾಯವಾಗಿ ಮತ್ತೆ ಒಂದೊಂದಾಗಿ ಬರುತ್ತಿದ್ದವು. ಬ್ರಷ್ಷುಗಳ ಸರಸರ ಸದ್ದು ದೂರದಲ್ಲೆಲ್ಲೋ ಒಣಗಿದೆಲೆಗಳ ಮೇಲೆ ಯಾರೋ ನಡೆದುಹೋಗುತ್ತಿರುವಂತೆ ಕೇಳುತ್ತಿತ್ತು. ನಾನು ಹುಡುಗಿಯಾಗಿದ್ದಾಗ ಅಜ್ಜಿ ಇದ್ದಿಲು ಪುಡಿ ಕೊಟ್ಟು ಹಿತ್ತಿಲಿಗೆ ಕಳಿಸುತ್ತಿದ್ದುದು, ಕರಿ ಬಾಯಿಯಲ್ಲಿ ನಾನು ತಂಗಿಯನ್ನು ಹೆದರಿಸುತ್ತಿದ್ದುದು ನೆನಪಾಗಿ ಅಲ್ಲೇ ನಿಂತುಬಿಡುತ್ತಿದ್ದೆ. ಎಚ್ಚರವಾಗುವಾಗ ಹತ್ತು ನಿಮಿಷ ಕಳೆದಿರುತ್ತಿತ್ತು. ಪಾಪ, ಮಕ್ಕಳು ಇನ್ನೂ ಉಜ್ಜುತ್ತಲೇ ಇರುತ್ತಿದ್ದರು.

ಭಾಗ್ಯ ಮೂರನೇ ಕ್ಲಾಸಿನವಳು. ಅವಳ ಅಮ್ಮ ರತ್ನ ಪಕ್ಕದ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ಬಿಸಿಯೂಟಕ್ಕೆ ಕೂತಾಗ ಈ ಹುಡುಗಿ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ್ದು ಕಂಡಿತು. ಏನಾಯಿತೆಂದು ಕೇಳಿದೆ. ಏನಿಲ್ಲ ಎಂದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಮಿಸ್, ನೀವೂ ಒಂದೇ ಕಡೇಲಿ ಅಗೀತೀರಲ್ಲ. ನಿಮ್ಗೂ ನೋಯ್ತದಾ?"

ಎರಡು ವರ್ಷ ಮನೆಯವರಿಗೂ ತಿಳಿಯದ ಗುಟ್ಟು ಅದು. ಅವಳ ಬಾಯಿ ತೆರೆಸಿ ನೋಡಿದೆ. ಕೆಳಗಿನ ಹಲ್ಲೊಂದರಲ್ಲಿ ದೊಡ್ಡ ಕುಳಿ. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಇಲ್ಲವಂತೆ. ರತ್ನನನ್ನು ಕರೆಸಿದೆ. ಅದು ಹಾಲುಹಲ್ಲು, ತಾನೇ ಬಿದ್ದುಹೋಗುತ್ತದೆ ಎಂದು ಅವಳು ಸುಮ್ಮನಿದ್ದಳು. ಬೀಳುವ ತನಕ ಮಗು ಊಟ ಬಿಟ್ಟಿರುವುದು ಹೇಗೆ, ತಡ ಮಾಡಬಾರದು ಎಂದು ನಾನು ಅದೇ ಗಂಭೀರ ದನಿಯಲ್ಲಿ ತಿಳಿಸಿದೆ. ಶನಿವಾರ ಶಾಲೆ ಮುಗಿದ ಮೇಲೆ ಮೂವರೂ ಆಲೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ, ಡಾಕ್ಟರು ಏನೂ ಮಾಡುವುದಿಲ್ಲ, ಇರುವೆ ಕಚ್ಚಿದಷ್ಟೂ ನೋವಾಗುವುದಿಲ್ಲ ಎಂದು ಭಾಗ್ಯಳಿಗೆ ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂದಿತ್ತು.

ಡಾಕ್ಟರು ನಗುಮುಖದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆದರೆ ಆ ಉದ್ದನೆಯ ಕುರ್ಚಿ ಕಂಡದ್ದೇ ಭಾಗ್ಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ರತ್ನ ಗದರಿದಳು, ಡಾಕ್ಟರು ಪುಸಲಾಯಿಸಿದರು. ಭಾಗ್ಯ ನನ್ನ ಕಡೆ ತಿರುಗಿದಳು.

"ನೋವಾಗಲ್ಲ ಅಂದ್ರಲ್ಲ ಮಿಸ್. ಹಂಗಾದ್ರೆ ಮೊದ್ಲು ನೀವು ಕೂತ್ಕಳಿ."

ಸುಮ್ಮನೆ ತೋರಿಸುವುದಕ್ಕೆಂದು ಕೂತೆ. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟರು. ಅವರ ನಗು ನಿಂತಿತು. ಈ ಹಲ್ಲು ಉಳಿಯುವ ಹಾಗಿಲ್ಲ, ಇವತ್ತೇ ತೆಗೆದುಬಿಡೋಣ ಎಂದರು. ಇನ್ನೊಂದು ದಿನ ಬರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಭಾಗ್ಯ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಆಗಲಿ ಎಂದೆ. ಸೂಜಿ ಕಂಡಾಗ ಕೂಗಿದೆ. ಚುಚ್ಚಿದ ಮೇಲೆ ಏನೂ ತಿಳಿಯದಿದ್ದರೂ ಕೂಗಿದೆ. ಹಲ್ಲು ಹೊರಗೆ ಬರುವ ಹೊತ್ತಿಗೆ ಕಣ್ಣೀರು ಕಿವಿಯವರೆಗೆ ಇಳಿದಿತ್ತು. ಕಣ್ಣು ಬಿಟ್ಟಾಗ ನನ್ನ ಬೆರಳುಗಳನ್ನು ಒಂದು ಪುಟ್ಟ ಕೈ ಬಿಗಿಯಾಗಿ ಹಿಡಿದಿತ್ತು.

ಇನ್ನು ಈ ಹುಡುಗಿ ಜನ್ಮದಲ್ಲಿ ಈ ಕುರ್ಚಿ ಹತ್ತುವುದಿಲ್ಲ ಎಂದುಕೊಂಡೆ. ಭಾಗ್ಯ ಟ್ರೇಯಲ್ಲಿದ್ದ ನನ್ನ ಹಲ್ಲನ್ನು ಬಗ್ಗಿ ನೋಡಿದಳು. "ಇಷ್ಟು ದೊಡ್ಡದ್ನೇ ಕಿತ್ತುಬುಟ್ರಾ? ನಂದು ಚಿಕ್ದು ಐತೆ," ಎನ್ನುತ್ತಾ ತಾನೇ ಹತ್ತಿ ಕೂತಳು. ಬಾಯಿ ತೆರೆದಳು, ಕಣ್ಣು ಮುಚ್ಚಿದಳು, ಒಮ್ಮೆ ಮಾತ್ರ ಮುಲುಕಿದಳು. ವಾಪಸು ಬರುವಾಗ ಇಬ್ಬರ ಬಾಯಲ್ಲೂ ಹತ್ತಿ. ಕಿಟಕಿಯಾಚೆ ಗದ್ದೆ, ತೋಟ, ಮತ್ತೆ ಗದ್ದೆ. ಅವಳು ನನ್ನ ತೋಳಿಗೆ ಒರಗಿ ಹದಿನೈದು ದಿನದ ನಿದ್ದೆಯನ್ನೆಲ್ಲ ಮಾಡಿದಳು.

ಸೋಮವಾರ ಮಕ್ಕಳೆಲ್ಲ ಅವಳ ಸುತ್ತ ನೆರೆದಿದ್ದರು. ಮಿಸ್ಸಿನ ಹಲ್ಲು ಕೀಳುವಾಗ ಏನಾಯಿತು, ಅತ್ತರಾ ಎಂದು ಯಾರೋ ಕೇಳಿದರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದೆ.

"ಮಿಸ್ ಅಳ್ಲೇ ಇಲ್ಲ ಕಣ್ರೋ," ಎಂದಳು ಭಾಗ್ಯ, ನನ್ನನ್ನೇ ನೋಡುತ್ತಾ. "ಸುಮ್ನೆ ಕೂತಿದ್ರು."

ಅಂದಿನ ಮೊದಲ ಪಾಠ, ಯಾವಾಗಲೂ ನಿಜವನ್ನೇ ಹೇಳಬೇಕು ಎಂಬುದರ ಮೇಲಿತ್ತು. ನಾನು ಪುಸ್ತಕ ಮುಚ್ಚಿ, ಎಲ್ಲರೂ ಇಷ್ಟ ಬಂದ ಚಿತ್ರ ಬರೆಯಿರಿ ಎಂದೆ.